ಬಾಗಿಲ ಬುಡದ ನಾಲ್ಕು ಬೆರಳು ಸಂದು

ಕಾರ್ಬನ್ ಮಾನಾಕ್ಸೈಡಿನ ಪಾಠ ಬಂದಾಗಲೆಲ್ಲ ನಾನು ತರಗತಿಯಲ್ಲಿ ಒಂದು ಕತೆ ಹೇಳುತ್ತಿದ್ದೆ. ಉಪನ್ಯಾಸಕನಾಗಿದ್ದಷ್ಟು ವರ್ಷವೂ ಹೇಳಿದೆ. ಹೊಸನಗರ ತಾಲ್ಲೂಕಿನ ಒಂದು ಮನೆ. ಕೊರೆಯುವ ಚಳಿ. ಹೆತ್ತು ಒಂಬತ್ತು ದಿನವಾದ ಬಾಣಂತಿಯ ಕೋಣೆಯಲ್ಲಿ ಇದ್ದಲ ಕೆಂಡ. ತಣ್ಣನೆಯ ಗಾಳಿ ನುಗ್ಗುತ್ತದೆಂದು ಓದುಬರಹವಿಲ್ಲದ ತಾಯಿ ಬಾಗಿಲ ಬುಡದ ಸಂದಿಗೆ ಗೋಣಿಯ ಸುರುಳಿ ತುರುಕುತ್ತಾಳೆ. ಬಾಣಂತಿಯೂ ಕೂಸೂ ಇನ್ನೇನು ಸಾಯಬೇಕು, ಅಷ್ಟರಲ್ಲಿ ಮೈಸೂರಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದು ರಜಕ್ಕೆ ಬಂದಿದ್ದ ಮಗ ಬಾಗಿಲು ದೂಡಿ ಇಬ್ಬರನ್ನೂ ಹೊರಗೆಳೆಯುತ್ತಾನೆ. ಬಾಣಂತಿ ನನ್ನ ತಂಗಿ. ತಾಯಿ ನನ್ನ ಅವ್ವ. ಮಗ ನಾನು. ಹಿಂದಿನ ಬೆಂಚಿನವರೂ ಮಾತು ನಿಲ್ಲಿಸಿ ಕೇಳುತ್ತಿದ್ದರು. ಆಮೇಲೆ ಹಲಗೆಯ ಮೇಲೆ ಸಮೀಕರಣ ಬರೆಯುತ್ತಿದ್ದೆ.

ಹೋದ ಚಳಿಗಾಲದಲ್ಲಿ ಸಾಗರದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಮಲಗುವ ಕೋಣೆಯ ಬಾಗಿಲ ಬುಡಕ್ಕೆ ಅವಳು ಅಂಗಡಿಯಿಂದ ತಂದ ರಬ್ಬರ್ ಪಟ್ಟಿ ಹೊಡೆಸಿದ್ದಳು. ಅದನ್ನು ಕಂಡವನೇ ಅವಳ ಮೊಮ್ಮಕ್ಕಳನ್ನು ಕೂರಿಸಿಕೊಂಡು ಕತೆ ಶುರು ಮಾಡಿದೆ. ತಂಗಿ ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದಳು. ಮಕ್ಕಳು ಎದ್ದು ಆಟಕ್ಕೆ ಹೋದ ಮೇಲೆ, ತಲೆ ಎತ್ತದೆಯೇ ಹೇಳಿದಳು.

“ಅಣ್ಣಯ್ಯ, ಅದನ್ನ ಅವ್ವ ಇಟ್ಟಿದ್ದಲ್ಲ. ನೀನು ಇಟ್ಟಿದ್ದು.”

ನಾನು ನಕ್ಕೆ. ಅವಳು ನಗಲಿಲ್ಲ.

“ಗೋಣಿನೂ ಅಲ್ಲ ಅದು. ನಿನ್ನ ಪ್ಯಾಂಟಿನ ಕಾಲು. ಅದಕ್ಕೆ ಹೊಟ್ಟು ತುಂಬಿ ಹೊಲಿದಿದ್ದೆ.”

ಪ್ಯಾಂಟು ಎಂದ ಕೂಡಲೇ ನನ್ನ ಕಣ್ಣಿಗೆ ಬೂದು ಬಣ್ಣ ಬಂದಿತ್ತು, ಮಂಡಿಯ ಹತ್ತಿರ ಆಮ್ಲ ಬಿದ್ದು ಆದ ಹಳದಿ ತೂತುಗಳೂ ಬಂದಿದ್ದವು. ಅವಳು ಬಣ್ಣ ಹೇಳಿರಲಿಲ್ಲ. ಆ ಮನೆಯಲ್ಲಿ ನನ್ನನ್ನು ಬಿಟ್ಟರೆ ಪ್ಯಾಂಟು ತೊಡುವವರು ಯಾರೂ ಇರಲಿಲ್ಲ.

ಜಾತಕ, ಶಕುನ, ಅಂತ್ರ-ತಾಯಿತ, ಯಾವುದನ್ನೂ ನಾನು ಪುರಾವೆ ಕೇಳದೆ ಒಪ್ಪಿದವನಲ್ಲ. ಊರಿನಲ್ಲಿ ಅದಕ್ಕಾಗಿಯೇ ಕೆಟ್ಟ ಹೆಸರಿತ್ತು. ನನ್ನ ಸ್ವಂತ ನೆನಪಿಗೆ ಮಾತ್ರ ಒಂದು ದಿನವೂ ಪುರಾವೆ ಕೇಳಿರಲಿಲ್ಲ. ಆದ್ದರಿಂದ ಇಲ್ಲಿ ಅನುಮಾನವಿಲ್ಲದ ಸಂಗತಿಗಳನ್ನು ಮೊದಲು ಬರೆದುಬಿಡುತ್ತೇನೆ.

ಬಾಗಿಲ ಬುಡದಲ್ಲಿ ಸಂದು ಇದ್ದದ್ದು ನಿಜ. ಅದು ಯಾಕಿತ್ತು ಎಂಬುದೂ ಗೊತ್ತು. ಅರವತ್ತರ ದಶಕದಲ್ಲಿ ಅಣೆಕಟ್ಟಿನಿಂದ ಶರಾವತಿಯ ನೀರು ಏರುತ್ತದೆಂದು ನಮ್ಮನ್ನೆಲ್ಲ ಊರಿನಿಂದ ಎಬ್ಬಿಸಿದಾಗ ಅಪ್ಪಯ್ಯ ಮನೆ ಬಿಚ್ಚಿ ಹೆಂಚು, ಕಂಬ, ಬಾಗಿಲುಗಳನ್ನು ಲಾರಿಗೆ ಹೇರಿಸಿ ರಿಪ್ಪನ್‌ಪೇಟೆ ಕಡೆ ಸಿಕ್ಕ ಹೊಸ ಜಾಗಕ್ಕೆ ಸಾಗಿಸಿದ. ಮುಳುಗಡೆಯವರು ಬಹಳ ಜನ ಹಾಗೆಯೇ ಮಾಡಿದ್ದು. ಆದರೆ ಅವ್ವ ಹೊಸ್ತಿಲುಗಳನ್ನು ಕೀಳಗೊಡಲಿಲ್ಲ. ದಿನಾ ತೊಳೆದು, ರಂಗೋಲಿ ಎಳೆದು, ಕುಂಕುಮ ಇಟ್ಟ ಮರ ಅದು.

“ಹೊಸ್ಲು ಕಿತ್ರೆ ಮನೆ ಕೊಂದಂಗೆ” ಎಂದಳು. “ನೀರು ಬರ್ತದಾ, ಬರ್ಲಿ. ಹೊಸ್ಲು ದಾಟೇ ಒಳಗೆ ಹೋಗ್ಲಿ.”

“ಹಂಗಾದ್ರೆ ಕಾಲು ತೊಳ್ಯಕ್ಕೆ ಒಂದು ಚೊಂಬು ನೀರೂ ಇಟ್ಟು ಬಾ, ಬರೋ ನೀರಿಗೆ” ಎಂದು ಅಪ್ಪಯ್ಯ ಕೆಣಕಿದ. ಆದರೂ ಅವಳ ಮಾತು ಮೀರಲಿಲ್ಲ. ಬಾಗಿಲ ಚೌಕಟ್ಟುಗಳನ್ನು ಹೊಸ್ತಿಲಿನ ಮೇಲೆ ಗರಗಸ ಹಾಕಿ ಕೊಯ್ದು ತಂದರು. ಹಳೆಯ ಹೊಸ್ತಿಲು ಅರ್ಧ ಗೇಣು ಎತ್ತರವಿತ್ತು. ಹೊಸ ಮನೆಯಲ್ಲಿ ಚೌಕಟ್ಟುಗಳನ್ನು ಕಲ್ಲು ಕೊಟ್ಟು ಹಳೆಯ ಎತ್ತರಕ್ಕೇ ನಿಲ್ಲಿಸಿದರು, ಹೊಸ್ತಿಲಿನ ಜಾಗಕ್ಕೆ ತೆಳ್ಳಗಿನ ಒಂದು ಹಲಗೆ ಬಿತ್ತು. ಬಾಗಿಲುಗಳು ನೆಲದಿಂದ ನಾಲ್ಕು ಬೆರಳು ಮೇಲೆ ನಿಂತವು. ಸರಿ ಮಾಡಿಸೋಣವೆಂದರೆ ಆಚಾರಿಗಳು ಸಿಗುತ್ತಿರಲಿಲ್ಲ. ಇದ್ದವರೆಲ್ಲ ಮುಳುಗಡೆಯವರ ಮನೆ ಎಬ್ಬಿಸುವುದರಲ್ಲೇ ಇದ್ದರು. ಮನೆ ನಿಂತದ್ದು ಬೋಳು ಗುಡ್ಡದ ನೆತ್ತಿಯ ಮೇಲೆ, ಗಾಳಿಗೆ ಅಡ್ಡ ಒಂದು ಮರವಿರಲಿಲ್ಲ. ಚಳಿಗಾಲದ ಬೆಳಿಗ್ಗೆ ಜಗುಲಿಯ ಕಡೆಯಿಂದ ಬರುವ ಗಾಳಿ ಆ ಸಂದಿಯಲ್ಲಿ ತೂರಿ ನೇರ ಪಾದಕ್ಕೆ ಬಡಿಯುತ್ತಿತ್ತು. ನಾವು ಊಟಕ್ಕೆ ಕೂತಾಗ ಕಾಲು ಮಡಚಿ ಪಂಚೆಯೊಳಗೆ ಎಳೆದುಕೊಳ್ಳುತ್ತಿದ್ದೆವು.

ತಂಗಿ ಚೊಚ್ಚಲ ಹೆರಿಗೆಗೆ ಬಂದದ್ದು ಈ ಮನೆಗೆ. ಗಂಡನ ಮನೆ ತೀರ್ಥಹಳ್ಳಿ ಕಡೆ. ಹೆಣ್ಣು ಮಗುವಾಯಿತು. ನಾನು ರಜಕ್ಕೆ ಬಂದದ್ದು ಮಗುವಿಗೆ ಆರು ದಿನವಾದಾಗ. ಬಾಣಂತಿಗೆ ಕೊಟ್ಟದ್ದು ಜಗುಲಿಗೆ ಬಾಗಿಲಿದ್ದ ಕೋಣೆ. ಮೇಲೆ ಹಲಗೆ ಹೊಡೆದು ಮಣ್ಣು ಮೆತ್ತಿದ್ದರಿಂದ ಹೆಂಚಿನ ಸಂದಿಯ ಗಾಳಿ ಕೆಳಗಿಳಿಯುತ್ತಿರಲಿಲ್ಲ. ಇದ್ದ ಒಂದು ಕಿಟಕಿಗೂ ಹಲಗೆ ಬಡಿದಿದ್ದರು. ದಿನಾ ಬೆಳಿಗ್ಗೆ ಸೂಲಗಿತ್ತಿ ಅಜ್ಜಿ ಬಂದು ತಾಯಿಗೂ ಮಗುವಿಗೂ ಎಣ್ಣೆ ಹಚ್ಚಿ, ಹಂಡೆಗಟ್ಟಲೆ ಬಿಸಿನೀರು ಹೊಯ್ದು, ಕಿವಿಗೆ ಬಟ್ಟೆ ಕಟ್ಟಿ, ಕಂಬಳಿ ಹೊದೆಸಿ ಮಲಗಿಸುತ್ತಿದ್ದಳು. ಮಂಚದ ಪಕ್ಕದಲ್ಲಿ ಬಾಯಿ ಒಡೆದ ಮಡಕೆಯ ತುಂಬ ಕೆಂಡ. ಬಾಗಿಲು ಹಾಕಿದರೆ ಮಧ್ಯಾಹ್ನದ ಊಟದವರೆಗೆ ತೆಗೆಯುವಂತಿಲ್ಲ. ಬಾಣಂತಿಗೆ ಗಾಳಿ ತಾಗಬಾರದು. ಇದು ಊರಿಗೆಲ್ಲ ಇದ್ದ ಪದ್ಧತಿ.

ಒಲೆಯಿಂದ ತೆಗೆದ ಕಟ್ಟಿಗೆಯ ಕೆಂಡ ಹೊಗೆಯಾಡುತ್ತಿತ್ತು. ಮಗುವಿನ ಕಣ್ಣಲ್ಲಿ ನೀರು ಬರುವುದನ್ನು ನೋಡಿ ನಾನು ಸಾಗರಕ್ಕೆ ಹೋಗಿ ಒಂದು ಮೂಟೆ ಇದ್ದಲು ತಂದೆ. ಇದನ್ನು ನಾನು ಯಾವತ್ತೂ ಮುಚ್ಚಿಟ್ಟಿಲ್ಲ. ತರಗತಿಯಲ್ಲೂ ಹೇಳುತ್ತಿದ್ದೆ. ಬಸ್ಸಿನ ಮೇಲಿನಿಂದ ಇಳಿಸಿಕೊಂಡು, ತಲೆಯ ಮೇಲೆ ಹೊತ್ತು ಬಂದಾಗ ಮುಖವೆಲ್ಲ ಕಪ್ಪಾಗಿತ್ತು. ಸೂಲಗಿತ್ತಿ ಅಜ್ಜಿ ಬಾಯಿಗೆ ಸೆರಗು ಇಟ್ಟುಕೊಂಡಳು.

“ಅಯ್ಯಯ್ಯ, ಮೈಸೂರಲ್ಲಿ ಓದಿದವ್ರು ಬೆಂಕಿನೂ ಪ್ಯಾಟೆಯಿಂದ ಹೊತ್ಕಂಡು ಬರ್ತಾರಲೆ! ನಮ್ಮ ಗುಡ್ಡದ ಕಟ್ಟಿಗೆಗೆ ಎಂತ ಆಗಿತ್ತು ಮಾರಾಯ?”

“ಹೊಗೆ ಬರೋದಿಲ್ಲ ಅಜ್ಜಿ ಇದ್ರಲ್ಲಿ. ನೋಡ್ತಾ ಇರು” ಎಂದೆ.

ಹೊಗೆ ಬರಲಿಲ್ಲ. ಎಲ್ಲರಿಗೂ ಸಂತೋಷವಾಯಿತು. ಆ ಹೊಗೆಯೇ ಅಷ್ಟು ದಿನ ಅವರಿಂದ ಆಗಾಗ ಬಾಗಿಲು ತೆಗೆಸುತ್ತಿತ್ತು ಎಂದು ನನಗೆ ಹೊಳೆಯಲಿಲ್ಲ.

ಎಂಟನೆಯ ದಿನ ತಂಗಿ ಪಾದ ಕೊರೆಯುತ್ತದೆ ಎಂದಳು. ಆ ಸಂಜೆ ಬಾಗಿಲ ಬುಡಕ್ಕೆ ಸುರುಳಿ ಬಂತು. ಬಂದದ್ದು ಹೇಗೆ ಎನ್ನುವಲ್ಲಿಗೆ ನನ್ನ ನೆನಪೂ ಅವಳ ನೆನಪೂ ಬೇರೆಯಾಗುತ್ತವೆ. ನನ್ನ ನೆನಪಿನಲ್ಲಿ ಅವ್ವ ಬಗ್ಗಿ ಗೋಣಿ ತುರುಕುತ್ತಿದ್ದಾಳೆ, ನಾನು ಜಗುಲಿಯ ಆ ತುದಿಯಲ್ಲಿ ಓದುತ್ತ ಕೂತಿದ್ದೇನೆ. ತಂಗಿ ಹೇಳುವುದು ಬೇರೆ. ಅವ್ವ ಬೇಡ ಅಂದಳಂತೆ. “ಒಂಚೂರು ಗಾಳಿ ಆಡ್ಲಿ ಬಿಡಾ, ಒಳಗೆ ಉಸ್ರು ಕಟ್ಟಿದಂಗೆ ಆಗ್ತದೆ” ಅಂದಳಂತೆ. ಅದಕ್ಕೆ ನಾನು, “ಉಸಿರಿಗೆ ಎಷ್ಟು ಗಾಳಿ ಬೇಕು ಅಂತ ನಂಗೆ ಗೊತ್ತಿಲ್ವಾ?” ಅಂದೆನಂತೆ.

ಈ ಮಾತು ನಾನು ಆಡಿದ್ದು ನೆನಪಿಲ್ಲ. ಆದರೆ ನನ್ನದೇ ಮಾತು ಎಂದು ಕೇಳಿದೊಡನೆ ಗೊತ್ತಾಯಿತು. ಆ ವಯಸ್ಸಿನಲ್ಲಿ ನಾನು ಮನೆಯವರೊಡನೆ ಹೀಗೆಯೇ ಮಾತಾಡುತ್ತಿದ್ದೆ.

ಆ ರಾತ್ರಿಯೆಲ್ಲ ತಂಗಿಗೆ ತಲೆನೋವು. ಬೆಳಿಗ್ಗೆ ನೀರು ಹೊಯ್ಯುವಾಗ ಹೇಳಿದಳು. ಸೂಲಗಿತ್ತಿ ಅಜ್ಜಿ ನೆತ್ತಿ ಮುಟ್ಟಿ ನೋಡಿ, “ಶೀತ ಏರಿದೆ. ಇವತ್ತು ಇನ್ನೊಂದು ಬೊಗಸೆ ಕೆಂಡ ಜಾಸ್ತಿ ಹಾಕ್ಬೇಕು” ಎಂದಳು. ಇದಂತೂ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ನಾನೂ ಹೌದೆಂದೆ. ಆ ತಲೆನೋವು ಯಾವುದರ ಮೊದಲ ಲಕ್ಷಣ ಎಂದು ಪರೀಕ್ಷೆಯಲ್ಲಿ ಕೇಳಿದ್ದರೆ ತಪ್ಪಿಲ್ಲದೆ ಬರೆಯುತ್ತಿದ್ದೆ. ಮನೆಯೊಳಗೆ, ಸ್ವಂತ ತಂಗಿಯ ಹಣೆಯಲ್ಲಿ ಬಂದದ್ದು ಗೊತ್ತಾಗಲಿಲ್ಲ.

“ನೀರು ಹೊಯ್ದು ಮಲಗ್ಸಿ ಬಾಗ್ಲು ಹಾಕಿದ್ರು, ಬೆಳಿಗ್ಗೆ ಸರಿಸಿದ ಸುರುಳಿ ಇನ್ನೂ ವಾಪಸ್ ಇಟ್ಟಿರ್ಲಿಲ್ಲ” ಎಂದು ಸಾಗರದಲ್ಲಿ ಅವರೆಕಾಯಿಯ ಬುಟ್ಟಿಯ ಮುಂದೆ ತಂಗಿ ಹೇಳಿದಳು. “ಬಾಗ್ಲ ಬುಡದಲ್ಲಿ ಬಿಸ್ಲು ಒಂದು ಗೆರೆ ಎಳೆದಂಗೆ ಕಾಣ್ತಿತ್ತು. ನಾನು ಅದನ್ನೇ ನೋಡ್ತಾ ಮಲಗಿದ್ದೆ. ಆ ಬೆಳಕು ಒಂದು ಕಡೆಯಿಂದ ಹೋಗ್ತಾ ಬಂತು. ಪೂರಾ ಹೋತು. ಆಚೆಯಿಂದ ನಿನ್ನ ದನಿ ಕೇಳ್ತು. ‘ಈಗ ಎಲ್ಲಿಂದ ಬರ್ತದೆ ನೋಡಾಣ’ ಅಂದೆ ನೀನು.”

ಆದರೂ ಕೇಳಿದೆ. ಕೇಳದೆ ಇರುವವನಲ್ಲ ನಾನು. “ಆಮೇಲೆ ಎಚ್ಚರ ತಪ್ಪಿದವಳು ನೀನು. ನಿನ್ನ ನೆನಪು ಎಷ್ಟರಮಟ್ಟಿಗೆ ಸರಿ?”

“ಆಮೇಲಿಂದು ಗೊತ್ತಿಲ್ಲ. ಅದಕ್ಕೆ ಮುಂಚಿಂದು ಗೊತ್ತು” ಎಂದಳು.

ನ್ಯಾಯವಾದ ಉತ್ತರ. ಅವಳು ಕಂಡದ್ದನ್ನಷ್ಟೇ ಹೇಳುತ್ತಿದ್ದಳು. ಆಮೇಲಿನದಕ್ಕೆ ಉಳಿದಿರುವ ಸಾಕ್ಷಿ ನಾನೊಬ್ಬನೇ, ಈಗ ನನ್ನ ಸಾಕ್ಷಿಯನ್ನು ನಾನೇ ಒಪ್ಪುತ್ತಿಲ್ಲ.

ಅಂತೂ ನನಗಿರುವಷ್ಟು ಬರೆಯುತ್ತೇನೆ. ಜಗುಲಿಯಲ್ಲಿ ಎಳೆಬಿಸಿಲಿತ್ತು. ಅಪ್ಪಯ್ಯ ಗದ್ದೆಗೆ ಹೋಗಿದ್ದ. ಅವ್ವ ಮೆಣಸು, ಬೆಳ್ಳುಳ್ಳಿ ಕುದಿಸಿದ ಕಷಾಯದ ಲೋಟ ಹಿಡಿದು ಬಂದಳು. ಬಾಗಿಲಾಚೆಯಿಂದ ಕರೆದಳು. ಮತ್ತೆ ಕರೆದಳು. ನಾನು ಪುಸ್ತಕದಿಂದ ತಲೆ ಎತ್ತಿದ್ದು ಎರಡನೆಯ ಸಲದ ದನಿಗೆ. ಅದು ಕರೆಯುವ ದನಿಯಾಗಿರಲಿಲ್ಲ. ಲೋಟ ಬಿದ್ದ ಸದ್ದು. ಬಾಗಿಲು ತೆರೆಯಿತು. ಒಳಗಿನಿಂದ ಮುಖಕ್ಕೆ ಬಡಿದದ್ದು ಬೆಚ್ಚನೆಯ ಗಾಳಿ, ಯಾವ ವಾಸನೆಯೂ ಇಲ್ಲ. ತಂಗಿ ಮಲಗಿದ್ದಳು, ಕೆನ್ನೆ ಕೆಂಪಗೆ ಹೊಳೆಯುತ್ತಿತ್ತು, ಎಂದೂ ಇಲ್ಲದಷ್ಟು ಚೆಂದವಾಗಿ ಕಾಣುತ್ತಿದ್ದಳು. ಆ ಕೆಂಪನ್ನು ಕಂಡಾಗಲೇ ನನಗೆ ಗೊತ್ತಾದದ್ದು. ಪುಸ್ತಕದಲ್ಲಿ ಆ ಬಣ್ಣದ ಬಗ್ಗೆ ಒಂದು ಸಾಲಿತ್ತು. ಪುಸ್ತಕ ಹಿಡಿದುಕೊಂಡೇ ಬಾಗಿಲಲ್ಲಿ ನಿಂತುಬಿಟ್ಟೆ.

ತರಗತಿಯಲ್ಲಿ ಹೇಳುವಾಗ ಬಾಗಿಲನ್ನು ದೂಡುವ ಕೈ ನನ್ನದು. ತಂಗಿಯ ಮಾತು ಕೇಳಿ ಬಂದ ಮೇಲೆ ಕಣ್ಣು ಮುಚ್ಚಿ ಆ ಕೈಯನ್ನು ಮತ್ತೆ ಮತ್ತೆ ನೋಡಿದ್ದೇನೆ. ಅದರಲ್ಲಿ ಹಸಿರು ಬಳೆಗಳಿವೆ. ಇದನ್ನು ಕಂಡ ದಿನ ನಾನು ಎದ್ದು ಮನೆಯೊಳಗೆಲ್ಲ ಓಡಾಡಿದೆ. ಬಳೆಯೂ ತಂಗಿಯ ಮಾತು ಕೇಳಿ ಹುಟ್ಟಿದ ಹೊಸ ನೆನಪೋ, ಮೊದಲಿನಿಂದ ಇದ್ದು ನಾನು ನೋಡದೆ ಬಿಟ್ಟದ್ದೋ, ತೀರ್ಮಾನಿಸಲು ನನ್ನಲ್ಲಿ ಯಾವ ಉಪಕರಣವೂ ಇಲ್ಲ.

ಅವ್ವ ಕೂಸನ್ನು ಬಟ್ಟೆಯ ಸಮೇತ ಎತ್ತಿ ಜಗುಲಿಗೆ ತಂದಳು. ತಂಗಿಯ ಕಂಕುಳಿಗೆ ಕೈ ಹಾಕಿ ಎಳೆದದ್ದು ನಾನು, ಇಷ್ಟು ಖಂಡಿತ. ಅವಳ ಹಿಮ್ಮಡಿ ನೆಲಕ್ಕೆ ಉಜ್ಜಿ ಗಾಯವಾಗಿತ್ತು, ಆ ಕಲೆಯನ್ನು ಅವಳು ಸಾಗರದಲ್ಲಿ ನನಗೆ ತೋರಿಸಿದಳು. ಹಿತ್ತಲಲ್ಲಿದ್ದ ಸೂಲಗಿತ್ತಿ ಅಜ್ಜಿ ಓಡಿಬಂದು ಎದೆ ಬಡಿದುಕೊಂಡಳು.

“ಗಾಳಿಗೆ ಹಿಡೀಬೇಡ್ರೇ! ಕೂಸು ಹೋಗ್ತದೆ! ಒಳಗೆ ತಗಂಡ್ ಹೋಗಿ!”

“ಒಳಗೆ ಬೇಡ” ಎಂದಳು ಅವ್ವ. ಕೂಸನ್ನು ಅಂಗಳಕ್ಕೇ ಇಳಿಸಿದಳು, ಗಾಳಿ ನೇರ ಬಡಿಯುವ ಜಾಗಕ್ಕೆ. ಆ ಚಳಿಯಲ್ಲಿ ಅದರ ಬಟ್ಟೆ ಬಿಚ್ಚಿ ಅಂಗಾಲು ತಟ್ಟಿದಳು. ಯಾರು ಹೇಳಿಕೊಟ್ಟರು ಅವಳಿಗೆ? ನಾನಂತೂ ಹೇಳಲಿಲ್ಲ, ನನ್ನ ಬಾಯಿಂದ ಮಾತು ಹೊರಟಿರಲಿಲ್ಲ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಕೂಸು ಬಿಕ್ಕಿತು, ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ. ಅದು ಅಳು ಎಂದು ಗೊತ್ತಾಗಲು ಇನ್ನಷ್ಟು ಹೊತ್ತು ಬೇಕಾಯಿತು.

ತಂಗಿಗೆ ಗಾಡಿಯಲ್ಲಿ ರಿಪ್ಪನ್‌ಪೇಟೆ ಮುಟ್ಟುವ ಮೊದಲೇ ಎಚ್ಚರ ಬಂತು, ದಾರಿಯಲ್ಲಿ ವಾಂತಿ ಮಾಡಿದಳು. ಅಲ್ಲಿದ್ದ ವೈದ್ಯರು ಎಲ್ಲ ಕೇಳಿ, ಇನ್ನು ಕೆಂಡ ಇಡುವುದಾದರೆ ಬಾಗಿಲು ತೆಗೆದಿರಬೇಕು ಎಂದರು. ನನ್ನ ಕಡೆ ತಿರುಗಿ ಏನು ಓದುತ್ತಿದ್ದೀಯ ಎಂದು ಕೇಳಿದರು. ಹೇಳಿದೆ. ಆಮೇಲೆ ಅವರು ನನ್ನ ಬೆನ್ನು ತಟ್ಟಿದರು ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ಈಗ ನೆನೆದರೆ ಅವರ ಕೈ ಕಾಣುವುದಿಲ್ಲ, ನನ್ನನ್ನೇ ನೋಡುತ್ತಿದ್ದ ಅವರ ಕನ್ನಡಕವಷ್ಟೇ ಕಾಣುತ್ತದೆ.

ಮೂರು ದಿನ ಕಳೆದು ಹೆಸರಿಡುವುದಕ್ಕೆ ತಂಗಿಯ ಅತ್ತೆ ತೀರ್ಥಹಳ್ಳಿಯಿಂದ ಬಂದರು. ಸುದ್ದಿ ಅವರಿಗೆ ಬಸ್ಸಿಳಿಯುವಾಗಲೇ ಮುಟ್ಟಿತ್ತು. ಮೊಮ್ಮಗಳನ್ನು ಎತ್ತಿಕೊಂಡು, ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿ, ಜಗುಲಿಯ ನಡುವೆ ಕೂತರು.

“ಯಾರು ಬಾಗ್ಲ ಬುಡ ಮುಚ್ಚಿದ್ದು?”

ಅಪ್ಪಯ್ಯ ಅವ್ವನ ಮುಖ ನೋಡಿದ. ಸೂಲಗಿತ್ತಿ ಅಜ್ಜಿ ಎಲೆಅಡಿಕೆ ತಟ್ಟೆ ಹುಡುಕತೊಡಗಿದಳು.

“ನಾನೇ ಕಣಕ್ಕ” ಎಂದಳು ಅವ್ವ. “ಚಳಿ ಬರ್ತದೆ ಅಂತ ಇಟ್ಟೆ. ಬುದ್ಧಿ ಇಲ್ದೆ ಇಟ್ಟೆ.”

“ಬುದ್ಧಿ ಇಲ್ದೆ!” ಅತ್ತೆಗೆ ಎಷ್ಟು ಸಿಟ್ಟೋ ಅಷ್ಟೇ ಅಳುವೂ ಬಂದಿತ್ತು. “ಹೊಸ್ಲು ಬಿಟ್ಟು ಬಾಗ್ಲು ಹೊತ್ಕಂಡು ಬಂದವ್ಳಲ್ವ ನೀನು! ನನ್ನ ಸೊಸೆ, ನನ್ನ ಮೊಮ್ಮಗು, ಎರಡು ಹೆಣ ಕಳಿಸ್ತಿದ್ದೆ ನಮ್ಮನೆಗೆ!”

ಐದು ತಿಂಗಳು ಇರಬೇಕಾಗಿದ್ದ ಬಾಣಂತಿಯನ್ನು ಅವರು ಮರುದಿನವೇ ಕರೆದುಕೊಂಡು ಹೋದರು. ಎರಡನೆಯ ಹೆರಿಗೆಗೂ ಕಳಿಸಲಿಲ್ಲ, ಮೂರನೆಯದಕ್ಕೂ ಕಳಿಸಲಿಲ್ಲ. ಅವ್ವ ವರದಹಳ್ಳಿಯ ಗುಡಿಗೆ ಹೋಗಿ ಹರಕೆ ತೀರಿಸಿ ಬಂದಳು, ಮೊಮ್ಮಗಳ ತಲೆಯ ಮೇಲೆ ಹಾಕಲೆಂದು ತಂದ ಅಕ್ಷತೆಯನ್ನು ಅಂಚೆಯಲ್ಲಿ ತೀರ್ಥಹಳ್ಳಿಗೆ ಕಳಿಸಿದಳು. ಅವಳ ಅಜ್ಞಾನಕ್ಕೆ ತೆತ್ತ ಬೆಲೆ ಇದು ಎಂದು ನಾನು ಎಷ್ಟು ಕಡೆ ಹೇಳಿದ್ದೇನೋ.

“ಅವ್ವ ಹಂಗಂದಾಗ ನಾನೆಲ್ಲಿದ್ದೆ?” ಎಂದು ತಂಗಿಯನ್ನು ಕೇಳಿದೆ.

“ಅಲ್ಲೇ. ಕಂಬಕ್ಕೆ ಒರಗಿ ನಿಂತಿದ್ದೆ.”

“ನಾನೇನೂ ಅನ್ನಲಿಲ್ವಾ?”

“ಇಲ್ಲ.”

ಅವಳೇ ಮುಂದುವರಿಸಿದಳು. “ನಾನು ಅವ್ವನ್ನ ಕೇಳಿದ್ದೆ, ಎಷ್ಟೋ ವರ್ಷ ಆದ್ಮೇಲೆ. ಎಂತಕ್ಕೆ ಹಂಗಂದೆ ಅಂತ. ‘ನಂಗೆ ಬೈದ್ರೆ ಎಂತ ಆಗ್ತದೆ, ಅವ್ನು ಇನ್ನೂ ಪರೀಕ್ಷೆ ಬರೀಬೇಕಾಗಿತ್ತು’ ಅಂದ್ಲು.”

ಪರೀಕ್ಷೆ ಬರೆದೆ. ಮೊದಲ ದರ್ಜೆಯಲ್ಲಿ ಪಾಸಾದೆ.

ಅವ್ವ ಜಗುಲಿಯಲ್ಲಿ ಎಲ್ಲರ ಮುಂದೆ ಹೇಳಿದ ಸುಳ್ಳನ್ನು ನಂಬಿದವರಲ್ಲಿ ನಾನೂ ಒಬ್ಬ ಎಂಬುದು ನನ್ನ ತಲೆಗೆ ಇನ್ನೂ ಹೋಗುತ್ತಿಲ್ಲ. ಹಾಗೆ ಆಗಲು ಸಾಧ್ಯವೇ? ಇಟ್ಟವನಿಗೇ ಮರೆಯುತ್ತದೆಯೇ? ಮೊದಲು ಸುಮ್ಮನಿದ್ದೆ, ಆಮೇಲೆ ಒಪ್ಪಿಕೊಂಡೆ, ಆಮೇಲೆ ಅವ್ವನ ಬಗ್ಗಿದ ಬೆನ್ನನ್ನು, ಗೋಣಿಯನ್ನು ನಾನೇ ಕಟ್ಟಿಕೊಂಡೆ ಎಂದು ಊಹಿಸಬಹುದು. ಪುರಾವೆಯಿಲ್ಲ. ಆ ಬೂದು ಪ್ಯಾಂಟು ಬಿಟ್ಟರೆ ನನ್ನ ವಿರುದ್ಧ ಇರುವುದು ಒಂದೇ ನೆನಪು. ಅದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ, ತಂಗಿಗೆ ಗೊತ್ತೂ ಇಲ್ಲ. ಅಷ್ಟು ವರ್ಷ ಅದನ್ನು ನಾನು ಮಾಡಿದ ಒಂದು ಒಳ್ಳೆಯ ಕೆಲಸವೆಂದು ಇಟ್ಟುಕೊಂಡಿದ್ದೆ.

ಬಾಣಂತಿಯನ್ನು ಕರೆದೊಯ್ದ ಮಧ್ಯಾಹ್ನ. ಅಡುಗೆಮನೆಯಲ್ಲಿ ಅವ್ವ ಒಬ್ಬಳೇ ಒಲೆಯ ಮುಂದೆ ಕೂತಿದ್ದಳು. ನಾನು ಹೋಗಿ ಎದುರಿಗೆ ಮಣೆ ಹಾಕಿಕೊಂಡು ಕೂತೆ. ಒಲೆಯಿಂದ ಒಂದು ಕೆಂಡ ಎಳೆದು ತೋರಿಸಿ ಪಾಠ ಹೇಳಿದೆ. ಗಾಳಿ ಸಾಕಷ್ಟು ಇದ್ದರೆ ಏನಾಗುತ್ತದೆ, ಸಾಲದೆ ಹೋದರೆ ಏನು ಹುಟ್ಟುತ್ತದೆ, ಅದು ರಕ್ತದಲ್ಲಿ ಸೇರಿ ಹೇಗೆ ಉಸಿರು ಕೀಳುತ್ತದೆ, ಎಲ್ಲ ಬಿಡಿಸಿ ಹೇಳಿದೆ. ನೆಲದ ಮೇಲೆ ಇದ್ದಲ ಚೂರಿನಿಂದ ಗೆರೆ ಎಳೆದೂ ತೋರಿಸಿದೆ. ಅವಳು ಗಲ್ಲಕ್ಕೆ ಕೈಕೊಟ್ಟು ಪೂರ್ತಿ ಕೇಳಿದಳು.

“ಹೊಗೆ ಬರದಿಲ್ವಾ ಅದಕ್ಕೆ?” ಎಂದು ಕೇಳಿದಳು.

“ಇಲ್ಲ.”

“ವಾಸ್ನೆ?”

“ಅದೂ ಇಲ್ಲ. ಅದಕ್ಕೇ ಯಾರಿಗೂ ಗೊತ್ತಾಗೋದಿಲ್ಲ. ಓದಿದವರಿಗೆ ಮಾತ್ರ ಗೊತ್ತಿರ್ತದೆ. ಇನ್ನು ಮುಂದೆ ಹಂಗೆಲ್ಲ ಮುಚ್ಚಬೇಡ ನೀನು” ಎಂದೆ.

“ಆತು ಮಗ, ಮುಚ್ಚದಿಲ್ಲ” ಎಂದಳು ಅವ್ವ.